ಬಾಗಿಲು ತೆರೆದರೆ ಹತ್ತುವ ದೀಪ

ಚಿಕ್ಕಂದಿನಲ್ಲಿ ಬಂದ ಒಂದು ಜ್ವರಕ್ಕೆ ನನ್ನ ಎರಡೂ ಕಿವಿ ಹೋದವು. ಮಾತು ಉಳಿಯಿತು. ಎದುರಿಗೆ ನಿಂತವರ ತುಟಿ ನೋಡಿ ಅವರು ಹೇಳಿದ್ದನ್ನು ತಿಳಿದುಕೊಳ್ಳುತ್ತೇನೆ. ಹುಕ್ಕೇರಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಮಷೀನನ್ನು ಹಿಂದಿನ ಕಿಟಕಿಯ ಬಳಿ ಇಟ್ಟುಕೊಂಡಿದ್ದೆ. ಅಲ್ಲಿ ಬೆಳಕು ನೇರವಾಗಿ ಸೂಜಿಯ ಮೇಲೆ ಬೀಳುತ್ತದೆ, ಆಚೆ ಕಬ್ಬಿನ ಗದ್ದೆ ಗಾಳಿಗೆ ತೂಗುವುದು ಕಾಣುತ್ತದೆ. ಬೆನ್ನು ಮಾತ್ರ ಬಾಗಿಲಿಗೆ. ಗಿರಾಕಿಗಳು ಬಂದು ಭುಜ ಮುಟ್ಟುತ್ತಿದ್ದರು, ನಾನು ತಿರುಗುತ್ತಿದ್ದೆ.

ಒಂದು ದಿನ ಭುಜ ಮುಟ್ಟದೆ ಯಾರೋ ಬಂದು ಹೋದರು. ಊಟಕ್ಕೆಂದು ಎದ್ದು ತಿರುಗಿದರೆ, ಫಾಲ್ ಹಚ್ಚಲು ಕೊಟ್ಟಿದ್ದ ರೇಷ್ಮೆ ಸೀರೆಗಳ ಕಪಾಟು ಬರಿದಾಗಿತ್ತು. ಸೀರೆ ಹೋದ ಸಂಕಟ ಒಂದು ಕಡೆ. ನಾನು ಕಬ್ಬು ನೋಡುತ್ತ ಹೊಲಿಯುತ್ತಿದ್ದಾಗ ಕೈಗೆಟುಕುವಷ್ಟು ಹತ್ತಿರ ಒಬ್ಬರು ನಿಂತು ಸೀರೆ ಎತ್ತಿಕೊಳ್ಳುತ್ತಿದ್ದರಲ್ಲ, ಅದನ್ನು ನೆನೆದು ಮತ್ತೆ ಮತ್ತೆ ಹಿಂದಕ್ಕೆ ತಿರುಗಿ ನೋಡುತ್ತಿದ್ದೆ.

ಮಷೀನನ್ನು ಬಾಗಿಲ ಕಡೆಗೆ ತಿರುಗಿಸಿಕೊಂಡೆ. ನನ್ನ ನೆರಳೇ ಬಟ್ಟೆಯ ಮೇಲೆ ಬಿದ್ದು ಹೊಲಿಗೆ ಸೊಟ್ಟಾಗತೊಡಗಿತು. ಮೂಡಲಗಿಯಿಂದ ಬಂದ ಅಣ್ಣ ಇದನ್ನು ನೋಡಿ, ಅಂಗಡಿಗಳಿಗೆ ಅಲಾರಾಂ ಕೂರಿಸುವವನೊಬ್ಬನನ್ನು ಗೋಕಾಕದಿಂದ ಕಳಿಸಿದ. ಅವನು ಚೀಲದಿಂದ ಸೈರನ್ ತೆಗೆದು ಮೇಜಿನ ಮೇಲಿಟ್ಟ.

"ಇದು ಹೊಡಕೊಂಡ್ರ ಬಸ್ ಸ್ಟ್ಯಾಂಡ್ ತನಕಾ ಕೇಳತೈತ್ರಿ ಅಕ್ಕಾರ."

"ನನಗ ಕೇಳಂಗಿಲ್ಲಲ್ರಿ."

ಅವನ ಮುಖ ಸಣ್ಣದಾಯಿತು. ಬಾಗಿಲು, ಕಿಟಕಿ ನೋಡಿ, "ಕಣ್ಣಿಗಿ ಕಾಣೂಹಂಗ ಮಾಡೂಣೇನ್ರಿ?" ಎಂದ.

ಬಾಗಿಲಿಗೊಂದು, ಚೌಕಟ್ಟಿಗೊಂದು ಬೆರಳುದ್ದದ ಬಿಳಿ ತುಂಡು ಅಂಟಿಸಿದ. ಒಂದರಲ್ಲಿ ಅಯಸ್ಕಾಂತವಿತ್ತು. ಮುಚ್ಚಿಟ್ಟ ಬಾಗಿಲು ತೆರೆದು ಅವೆರಡೂ ದೂರವಾದರೆ ಕಿಟಕಿಯ ಮೇಲೊಂದು ಹಳದಿ ದೀಪ ಹತ್ತುತ್ತದೆ. ಮಷೀನು ಮತ್ತೆ ಕಿಟಕಿಗೆ ಹೋಯಿತು. ದೀಪ ಹತ್ತಿದಾಗಲೆಲ್ಲ ಬಿಳಿ ಬಟ್ಟೆಯ ಮೇಲೆ ಅರಿಶಿನದ ನೀರು ಹರಿದಂತಾಗುತ್ತಿತ್ತು.

ಕೆಲವು ದಿನ ಕಳೆದಿರಬೇಕು. ಮಧ್ಯಾಹ್ನ, ಗಿರಾಕಿಗಳು ಬರದ ಹೊತ್ತಿನಲ್ಲಿ, ಬಟ್ಟೆ ಹಳದಿಯಾಯಿತು. ತಟ್ಟನೆ ತಿರುಗಿದೆ. ಬೀದಿಯಲ್ಲಿ ಕಂಬಳಿ ಮಾರುವ ಅಜ್ಜಿ ಗೋಡೆಗೊರಗಿ ಕೂರುತ್ತಿದ್ದಳು.

"ಏನ ಬೇಕಾಗಿತ್ತಬೇ ಆಯಿ?"

"ಏನೂ ಬ್ಯಾಡವಾ. ದಿನಾ ಬಂದು ಕುಂದರತೇನಲ್ಲ."

"ದಿನಾ?"

"ಭಾಳ ವರ್ಸ ಆತು. ನೀ ಒಂದಿನಾನೂ ಹೊಳ್ಳಿ ನೋಡ್ಲಿಲ್ಲ. ಕೆಲಸದಾಗ ಅದಾಳ, ಯಾಕ ತ್ರಾಸ ಕೊಡೂದು ಅಂತ ನಾನೂ ಮಾತಾಡಸಲಿಲ್ಲ."

ನನಗೆ ಕಿವಿ ಕೇಳದೆಂಬುದೇ ಆಕೆಗೆ ಗೊತ್ತಿರಲಿಲ್ಲ. ಹೇಳಿದೆ. ಕಳವಿನ ಸಂಗತಿಯನ್ನೂ ಹೇಳಿದೆ. ಕಳವಿಗೆ ಮುಂಚೆಯೇ ಆಕೆ ನಾಗನೂರಿಗೆ, ತಂಗಿಯ ಮನೆಗೆ ಹೋದವಳು ಹಿಂದಿನ ದಿನವಷ್ಟೇ ಮರಳಿದ್ದಳಂತೆ. ಆಮೇಲೆ ಕೇಳಿದಳು:

"ಹಂಗಾರ ನಿನ್ನ ಮಷೀನ್ ಸಪ್ಪಳಾ ನಿನಗ ಗೊತ್ತಿಲ್ಲೇನು?"

"ಇಲ್ಲ. ಹೆಂಗಿರತೈತಿ?"

"ಹೊಟ್ಟಿ ತುಂಬಿದ ಕುರಿಗೋಳು ಅಡ್ಡಾಗಿ ಮೆಲಕ ಹಾಕತಾವಲ್ಲ, ಹಂಗ. ಈಗ ನಮ್ಮನ್ಯಾಗ ಕುರಿ ಇಲ್ಲ. ಇಲ್ಲಿ ಕುಂತ್ರ ತಾನ ಕಣ್ಣ ಮುಚ್ಚತಾವು."

ಇಷ್ಟು ವರ್ಷ ನನ್ನ ಬೆನ್ನ ಹಿಂದೆ ಒಬ್ಬಳು ನಿದ್ದೆ ಮಾಡಿ ಎದ್ದು ಹೋಗುತ್ತಿದ್ದಳು, ನನ್ನದೇ ಸದ್ದಿನಲ್ಲಿ. ಅಂದು ಆಕೆ ಮಲಗಿದ ಮೇಲೆ ಮೆಲ್ಲಗೆ ಮಷೀನು ತುಳಿದೆ. ಹೊಲಿಯಬೇಕಾದ ಬಟ್ಟೆ ಮುಗಿದರೂ ಚೂರೊಂದನ್ನು ಇಟ್ಟುಕೊಂಡು ತುಳಿಯುತ್ತಲೇ ಇದ್ದೆ.

ಸೀರೆ ಕದ್ದವರು ಸಿಗಲಿಲ್ಲ. ಆಕೆ ದಿನವೂ ಬಂದಳು, ದೀಪ ಹತ್ತಿದರೆ ನಾನು ತಿರುಗಿ ನಗುತ್ತಿದ್ದೆ.

ಸುಗ್ಗಿ ಮುಗಿದ ಮೇಲೆ ನನ್ನನ್ನು ನಾಗನೂರಿಗೆ ಕರೆದೊಯ್ದಳು. ಘಟಪ್ರಭಾದಲ್ಲಿ ಬಸ್ಸು ಬದಲಿಸಿ ಹೋದೆವು. ಸಂಜೆ ಬಿಸಿಲಲ್ಲಿ ಅವಳ ತಂಗಿಯ ಕುರಿಗಳು ಒತ್ತೊತ್ತಾಗಿ ಮಲಗಿದ್ದವು, ಧೂಳು ಹೊಂಬಣ್ಣವಾಗಿತ್ತು. ಅಜ್ಜಿ ನನ್ನ ಅಂಗೈ ಹಿಡಿದು ಒಂದು ಕುರಿಯ ದವಡೆಗೆ ಒತ್ತಿದಳು. ಬೆಚ್ಚಗಿನ ತುಪ್ಪಳದ ಕೆಳಗೆ ಎಲುಬು ಆಡುತ್ತಿತ್ತು. ನಿಲ್ಲುತ್ತಿತ್ತು, ಏನೋ ಇಳಿಯುತ್ತಿತ್ತು, ಮತ್ತೆ ಆಡುತ್ತಿತ್ತು. ನಾನು ಕಣ್ಣು ಮುಚ್ಚಿದೆ. ಪಕ್ಕದಲ್ಲಿದ್ದ ಆಕೆ ನನ್ನನ್ನು ಏನೋ ಕೇಳಿರಬೇಕು. ತುಟಿ ನೋಡಿ ಅದನ್ನು ತಿಳಿಯಲು ಕಣ್ಣು ತೆರೆಯಬೇಕಿತ್ತು, ತೆರೆಯಲಿಲ್ಲ.