ಶುದ್ಧಗಾಳಿಯ ಕೋಣೆಯ ಇಲಿಯಮ್ಮ

ಬೆಳಗಿನ ಐದೂವರೆ. ಸಂಶೋಧನಾಲಯದ ನೆಲಮಾಳಿಗೆಯಲ್ಲಿ ಎದುರುಬದುರಾಗಿ ಎರಡು ಬಾಗಿಲುಗಳು. ಒಂದಕ್ಕೆ ನೀಲಿ ಪಟ್ಟಿ, ಇನ್ನೊಂದಕ್ಕೆ ಬೂದು. ಅಲ್ಲಿಯೇ ಸ್ನಾನ ಮುಗಿಸಿ, ಅಲ್ಲಿಯೇ ಒಗೆದಿಟ್ಟ ಉಡುಪು ತೊಟ್ಟು, ಕೂದಲನ್ನೆಲ್ಲ ಟೋಪಿಯೊಳಗೆ ಸೇರಿಸಿಕೊಂಡ ಐವತ್ತೇಳರ ಹೆಣ್ಣುಮಗಳೊಬ್ಬರು ನೀಲಿ ಪಟ್ಟಿಯ ಬಾಗಿಲನ್ನು ಮೊಣಕೈಯಿಂದ ತಳ್ಳುತ್ತಾರೆ. "ಏನ್ರಮ್ಮಾ, ಎಲ್ರೂ ಚೆನ್ನಾಗಿದ್ದೀರಾ?" ಎಂಬ ಮೆಲುದನಿಗೆ ಇಪ್ಪತ್ತನಾಲ್ಕು ಬಿಳಿ ಇಲಿಗಳು ಪಂಜರಗಳ ಮುಂಬದಿಗೆ ಬಂದು ಮೂಗು ಆಡಿಸುತ್ತವೆ. ಬಾಲ ಹಿಡಿದೆತ್ತುವುದು ಇವರ ಪದ್ಧತಿಯಲ್ಲ. ಬೊಗಸೆಯೊಡ್ಡಿ ಕಾಯುತ್ತಾರೆ, ಇಲಿ ತಾನಾಗಿ ಹತ್ತಿ, ತಕ್ಕಡಿಯ ಬಟ್ಟಲಿಗೆ ತಾನಾಗಿ ಇಳಿಯುತ್ತದೆ.

ಸಂಸ್ಥೆಯಲ್ಲಿ ಎಲ್ಲರಿಗೂ ಇವರು ಇಲಿಯಮ್ಮ. ನೆಲ ಒರೆಸುವ ಕೆಲಸಕ್ಕೆಂದು ಬಂದು ಹತ್ತೊಂಬತ್ತು ವರ್ಷಗಳಾದವು. ಪಂಜರದಲ್ಲಿ ಮಂಕಾಗಿದ್ದ ಇಲಿಯೊಂದನ್ನು ವೈದ್ಯರಿಗಿಂತ ಮೊದಲು ಗುರುತಿಸಿದ ಮೇಲೆ ಕೈಯಿಂದ ಒರೆಸುವ ಕೋಲು ಹೋಗಿ ತಕ್ಕಡಿ ಬಂದಿತು.

ಬೂದು ಕೋಣೆಯಲ್ಲಿಯೂ ಇಪ್ಪತ್ತನಾಲ್ಕು ಇಲಿಗಳಿವೆ. ಅಲ್ಲಿನ ಯಂತ್ರಕ್ಕೆ ಇಲಿಯಮ್ಮ ದಿನವೂ ನಲವತ್ತೆಂಟು ಸಿಗರೇಟುಗಳನ್ನು ಜೋಡಿಸುತ್ತಾರೆ. ಯಂತ್ರ ಅವನ್ನು ಮನುಷ್ಯನಂತೆಯೇ ಎಳೆದೆಳೆದು ಹೊಗೆಯನ್ನು, ಹೊರಗೆ ಸೋರದಂತೆ ಮುಚ್ಚಿದ ಇಲಿಗಳ ಗೂಡಿಗೆ ಬಿಡುತ್ತದೆ. ಮನುಷ್ಯನ ಶ್ವಾಸಕೋಶವನ್ನು ಹತ್ತಾರು ವರ್ಷಗಳಲ್ಲಿ ಕೆಡಿಸುವ ಕಾಯಿಲೆಯ ಮೊದಲ ಗುರುತುಗಳು ಇಲಿಯಲ್ಲಿ ಸುಮಾರು ಆರು ತಿಂಗಳಿಗೆ ಕಾಣಿಸಿಕೊಳ್ಳುತ್ತವೆ. ಎರಡು ಕೋಣೆಗಳ ಇಲಿಗಳನ್ನು ಹೋಲಿಸಿದರೆ ಮಾತ್ರ ಹೊಗೆ ಮಾಡಿದ್ದೇನೆಂದು ತಿಳಿಯುತ್ತದೆ. ಆದುದರಿಂದ ನೀಲಿ ಕೋಣೆಗೆ ಹೊಗೆಯ ಸುಳಿವೂ ತಾಗಕೂಡದು. ದಿನವೂ ಮೊದಲು ನೀಲಿ, ಆಮೇಲೆ ಬೂದು. ಬೂದು ಹೊಕ್ಕ ಮೇಲೆ ಆ ದಿನ ನೀಲಿಯ ಕಡೆ ತಲೆ ಹಾಕುವಂತಿಲ್ಲ.

ಈ ಕೆಲಸದ ಬಗ್ಗೆ ಮನೆಯಲ್ಲಿ ಬಹುಕಾಲ ಕುಹಕ ನಡೆದಿತ್ತು. ಬಸ್ಸು ಓಡಿಸಿ ನಿವೃತ್ತರಾದ ಗಂಡ ಅಡುಗೆಮನೆಯ ಕುರ್ಚಿಯಲ್ಲಿ ಕೂತು ದಿನಕ್ಕೆ ಒಂದೂವರೆ ಪ್ಯಾಕು ಮುಗಿಸುತ್ತಿದ್ದವರು. ಹೆಂಡತಿ ಗೊಣಗಿದರೆ ಉತ್ತರ ಸಿದ್ಧವಿರುತ್ತಿತ್ತು: "ಇಲಿಗಾದ್ರೆ ನೀನೇ ಹಚ್ಚಿಕೊಡ್ತೀಯ, ನನಗೆ ಮಾತ್ರ ಬೈತೀಯ. ನಾನೇನೇ ಪಾಪ ಮಾಡಿದ್ದೆ?"

ಆ ಗಂಡನೇ ಕಳೆದ ವರ್ಷ ಒಂದು ಹಸಿರು ಸ್ವೆಟರ್ ತಂದುಕೊಟ್ಟರು, ನೆಲಮಾಳಿಗೆಯ ತಣ್ಣನೆಯ ಗಾಳಿಗೆ ಹೆಂಡತಿಯ ಮೈ ನಡುಗಬಾರದೆಂದು. ಸಂಸ್ಥೆಯ ಉಡುಪಿನೊಳಗೆ ತೊಡುವುದಾದ್ದರಿಂದ ಯಾರಿಗೂ ಕಾಣಿಸಲಿಲ್ಲ. ತೋಳಿನ ಅಂಚು ಮಾತ್ರ ಅಷ್ಟಿಷ್ಟು ಹೊರಗೆ ಇಣುಕುತ್ತಿತ್ತು. ಪ್ರಯೋಗ ಶುರುವಾಗಿ ಹನ್ನೊಂದು ವಾರ ಕಳೆದು ಪರೀಕ್ಷಿಸಿದಾಗ ನೀಲಿ ಕೋಣೆಯ ಏಳು ಇಲಿಗಳ ರಕ್ತದಲ್ಲಿ ತಂಬಾಕಿನ ಗುರುತು ಸಿಕ್ಕಿತು. ಗಾಳಿಯ ಕೊಳವೆಗಳನ್ನು ಬಿಚ್ಚಿ ನೋಡಿದರು, ಮೇವನ್ನು ಬದಲಿಸಿದರು. ಕೊನೆಗೆ ಅನುಮಾನ ಯಂತ್ರ ನೋಡಿಕೊಳ್ಳುವ ತಂತ್ರಜ್ಞೆಯ ಮೇಲೆ ಬಂದು ನಿಂತಿತು.

ಇಲಿಯಮ್ಮನಿಗೆ ಹೊಳೆದದ್ದು ಬೊಗಸೆಯೊಡ್ಡಿದಾಗ. ಇಲಿ ಅಂಗೈ ಹತ್ತಿತು, ಮುಂಗೈವರೆಗೂ ಬಂದು ಹಸಿರು ಅಂಚನ್ನು ಮೂಸಿ, ಅದನ್ನೇ ಒಮ್ಮೆ ಕಚ್ಚಿ, ಹಿಂದೆ ಸರಿಯಿತು. ಇವರು ಮನೆಗೆ ಹೋಗಿ ನೋಡುತ್ತಾರೆ: ಸ್ವೆಟರ್ ನೇತುಹಾಕುವ ಮೊಳೆ ಗಂಡನ ಕುರ್ಚಿಯ ನೆತ್ತಿಯ ಮೇಲೆಯೇ ಇದೆ.

"ಆವತ್ತು ಊಟ ಸೇರ್ಲಿಲ್ಲ. ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ, ಆದ್ರೆ ಆ ಹುಡುಗಿ ತಲೆ ಮೇಲೆ ಬರ್ತಿತ್ತು," ಎನ್ನುತ್ತಾರೆ. ಮರುದಿನ ಪ್ರಯೋಗದ ಮುಖ್ಯಸ್ಥೆಯಾದ ಹಿರಿಯ ವಿಜ್ಞಾನಿಯ ಮೇಜಿನ ಮೇಲೆ ತಾವೇ ಸ್ವೆಟರ್ ಇಟ್ಟರು. ತೋಳಿನ ಅಂಚನ್ನು ಕತ್ತರಿಸಿ ಪರೀಕ್ಷೆಗೆ ಕಳುಹಿಸಲಾಯಿತು, ಅನುಮಾನ ನಿಜವಾಯಿತು. ಹನ್ನೊಂದು ವಾರಗಳ ದುಡಿಮೆ ನೀರುಪಾಲು. ವಿಜ್ಞಾನಿ ಗದರಲಿಲ್ಲ. ಹೊಸ ಇಲಿಗಳೊಂದಿಗೆ ಮೊದಲಿನಿಂದ ಆರಂಭಿಸೋಣ, ಕೈಗಳು ನಿಮ್ಮವೇ ಇರಲಿ, ಇನ್ನು ಸ್ನಾನವೂ ಬಟ್ಟೆಯೂ ಇಲ್ಲಿಯದೇ, ಆದರೆ ಆರನೆಯ ತಿಂಗಳ ಪರೀಕ್ಷೆಯಲ್ಲಿ ಮತ್ತೆ ಗುರುತು ಕಂಡರೆ ನೀಲಿ ಕೋಣೆ ಬಿಟ್ಟು ಪಂಜರ ತೊಳೆಯುವ ಕಡೆ ಹೋಗಬೇಕಾಗುತ್ತದೆ ಎಂದರು.

ಹಳೆಯ ಇಲಿಗಳನ್ನು ಕಳುಹಿಸಿಕೊಡಬೇಕಾಗಿ ಬಂದಿತು. ಪ್ರಯೋಗ ಮುಗಿದ ಇಲಿಗಳು ಜೀವಂತವಾಗಿ ಹೊರಗೆ ಹೋಗುವುದಿಲ್ಲ. ಇದು ಈ ಕೆಲಸದ ಕಠಿಣ ಸತ್ಯ. ಹಿಂದಿನ ದಿನ ಇಲಿಯಮ್ಮ ಪ್ರತಿ ಪಂಜರಕ್ಕೂ ಹೊಸ ಮರದ ಹೊಟ್ಟು ಹಾಸಿದರು. ಅದರ ಅಗತ್ಯವಿಲ್ಲವೆಂದು ಯಾರೋ ಹೇಳಿದಾಗ ಇವರು ಕೊಟ್ಟ ಉತ್ತರ ಇಷ್ಟೇ: "ನಾಳೆ ಹೋಗೋರಿಗೆ ಇವತ್ತು ಕೊಳೆ ಹಾಸಿಗೆ ಯಾಕೆ?"

ಮನೆಯಲ್ಲಿ ಜಗಳವಾಗಲಿಲ್ಲ. ತೋಳು ಮೊಟಕಾದ ಸ್ವೆಟರನ್ನು ಅದೇ ಮೊಳೆಗೆ ನೇತುಹಾಕಿ, ನಡೆದದ್ದನ್ನು ಗಂಡನಿಗೆ ಹೇಳಿದರು. ಆತ ಮೊಟಕು ತೋಳನ್ನು ಹಿಡಿದು ನೋಡಿ, ಸ್ವೆಟರನ್ನು ಮೂಸಿದ ಇಲಿಗೇ ಇಷ್ಟಾದರೆ ಅದನ್ನು ತೊಟ್ಟವಳಿಗೆ ಎಷ್ಟಾಗಿರಬೇಕು ಎಂದು ಕೇಳಿದರಂತೆ. ಇವರು ಪಾತ್ರೆ ತೊಳೆಯಲು ಎದ್ದರಂತೆ. ಮಗಳು ಅತ್ತಾಗ, ವೈದ್ಯರು ಎಚ್ಚರಿಸಿದಾಗ ಬಿಡದವರು ಆ ವಾರವೇ ಬಿಟ್ಟರು. ಎರಡು ಸಲ ಜಾರಿ, ಮತ್ತೆ ಬಿಟ್ಟರು. ಈಗ ಆರು ತಿಂಗಳಾಯಿತು. ಮೆಟ್ಟಿಲ ನಡುವೆ ಒಮ್ಮೆ ನಿಂತು ಉಸಿರು ತೆಗೆದುಕೊಳ್ಳುವುದು ಮಾತ್ರ ಹಾಗೆಯೇ ಉಳಿದಿದೆ. "ನಾನ್ ಹೇಳಿದ್ದಕ್ಕಲ್ಲ ಬಿಟ್ಟಿದ್ದು, ಇಲಿ ಹೇಳಿದ್ದಕ್ಕೆ," ಎಂದು ಇಲಿಯಮ್ಮ ನಗುತ್ತಾರೆ.

ಒಂಬತ್ತು ಗಂಟೆಗೆ ಹಿರಿಯ ವಿಜ್ಞಾನಿ ತಾವೇ ನೆಲಮಾಳಿಗೆಗೆ ಇಳಿದು ಬರುತ್ತಾರೆ. ಕೈಯಲ್ಲಿ ಒಂದು ಹಾಳೆ. ಆರನೆಯ ತಿಂಗಳ ಫಲಿತಾಂಶ. ಇಲಿಯಮ್ಮ ಕೈ ಒರೆಸಿಕೊಂಡು, ಕನ್ನಡಕ ಏರಿಸಿ, ಸಾಲು ಸಾಲಿಗೂ ಬೆರಳಿಟ್ಟು ಓದುತ್ತಾರೆ. ಇಪ್ಪತ್ತನಾಲ್ಕು ಸಾಲುಗಳಲ್ಲಿಯೂ ಒಂದೇ ಮಾತು: 'ಇಲ್ಲ'. ಮತ್ತೊಮ್ಮೆ ಮೇಲಿನಿಂದ ಓದುತ್ತಾರೆ. ವಿಜ್ಞಾನಿ ಅವರ ಭುಜ ತಟ್ಟಿ, ನೀಲಿ ಕೋಣೆಯ ಬೀಗದ ಕೈ ಇನ್ನು ನಿಮ್ಮ ಹತ್ತಿರವೇ ಇರಲಿ ಎಂದು ಹೇಳಿ ಮೆಟ್ಟಿಲೇರುತ್ತಾರೆ.

ಬೂದು ಕೋಣೆಗೆ ಹೊತ್ತಾಯಿತು. ಬಾಗಿಲಲ್ಲಿ ನಿಂತ ಇಲಿಯಮ್ಮನಿಗೆ ಇನ್ನೇನಾದರೂ ಆಸೆ ಉಂಟೇ ಎಂದು ಕೇಳಿದರೆ ತುಸು ಸಂಕೋಚಪಡುತ್ತಾರೆ.

"ನಂದೂ ಒಂದು ಹನಿ ರಕ್ತ ತಗೊಳ್ಳಿ ಅಂತ ಮೇಡಂನ ಕೇಳ್ಬೇಕು ಅಂತಿದ್ದೀನಿ. ಕೆಳಗಡೆ ಇಪ್ಪತ್ತೈದನೇ ಸಾಲಲ್ಲಿ ಬರೀಲಿ. 'ಇಲ್ಲ' ಅಂತ ಬಂದ್ರೆ, ಆ ಹಾಳೇನ ಸ್ವೆಟರ್ ಇದ್ದ ಮೊಳೆಗೆ ಸಿಕ್ಕಿಸ್ತೀನಿ. ಕುರ್ಚೀಲಿ ಕೂತಾಗೆಲ್ಲ ಅವರು ನೋಡ್ಕೊಳ್ಳಲಿ, ಸಿಗರೇಟು ಬಿಟ್ಟು ತಾವೇನು ಮಾಡಿದ್ದಾರೆ ಅಂತ."