ಕಾಫಿಪುಡಿ ತುಂಬಿದ ಮೇಜು

ಹೋದ ವಾರ ವಸ್ತಾರೆಯ ನಮ್ಮ ಮನೆಯಲ್ಲಿ ಹಳೇ ಊಟದ ಮೇಜನ್ನು ರಿಪೇರಿಗೆ ಎಳೆದುಕೊಂಡಿದ್ದೆ. ಮೇಲೆ ಅಂಟಿಸಿದ್ದ, ಅಂಚು ಎದ್ದಿದ್ದ ಬೀಟೆ ವಿನಿಯರ್ ಪದರ ಕೈ ಹಾಕಿದ್ದೇ ತಡ ಚರ್ರನೆ ಕಿತ್ತುಬಂತು. ಕೆಳಗಿನ ಮರವನ್ನು ಉಪ್ಪುಕಾಗದದಿಂದ ಉಜ್ಜಿದೆನೋ ಇಲ್ಲವೋ, ಕಾಫಿ ವಾಸನೆ! ತೀರಾ ಸಣ್ಣಗೆ, ಆದರೆ ಕಾಫಿಯೇ. ನಾಚಿಕೆ ಬಿಟ್ಟು ಮೇಜಿಗೇ ಮೂಗು ಹಚ್ಚಿದೆ. ಮೂಡಿಗೆರೆಯ ನಮ್ಮ ಮರಗೆಲಸದ ಅಂಗಡಿ, ಅದರ ಬೆನ್ನಿಗೇ ಇದ್ದ ಮನೆ, ಅಜ್ಜ, ಅಜ್ಜಿ, ಗಿರಿಜತ್ತೆ, ಎಲ್ಲರೂ ಒಟ್ಟಿಗೇ ಎದುರು ಬಂದು ನಿಂತರು.

ಗಿರಿಜತ್ತೆ ನನ್ನ ಅಪ್ಪನ ತಂಗಿ. ಅಜ್ಜನ ಜೊತೆ ಅಂಗಡಿಯಲ್ಲಿ ಕೂತು ಉಳಿ ಹಿಡಿಯಬೇಕು ಎಂಬುದೊಂದೇ ಅವಳ ಹಠ. ಅಜ್ಜ ನಗುತ್ತ ಜಾರಿಕೊಳ್ಳುತ್ತಿದ್ದರು. ಕೊನೆಗೊಂದು ದಿನ ಹುಳು ತಿಂದ ಈ ಮೇಜನ್ನೇ ತೋರಿಸಿ, "ತೂತೆಲ್ಲ ತುಂಬಿ ಕೊಡು. ಭಾನುವಾರ ಬಡಿದು ನೋಡ್ತೀನಿ. ಎಲ್ಲೂ ಪೊಳ್ಳು ಸದ್ದು ಬರದಿದ್ರೆ ಅಂಗಡಿಗೆ ಬಾ" ಎಂದರು. ಅವತ್ತಿನಿಂದ ಮನೆಯಲ್ಲಿ ಮದುವೆಮನೆಯಂಥ ಸಡಗರ. ನಾನು ಅತ್ತೆಯ ಬಾಲ. ಕೆಳಗೆ ಪೊಳ್ಳು ಉಳಿದರೆ ಮೇಲೆ ಅಂಟಿಸುವ ತೆಳ್ಳನೆ ವಿನಿಯರ್ ಅಲ್ಲೇ ಕುಸಿದು ಬಿರುಕು ಬಿಡುತ್ತದೆ. ಒಂದೇ ಸಲ ತುಂಬಿದರೂ ಕೆಟ್ಟಿತು, ಮೇಲೆ ಒಣಗಿ ಒಳಗೆ ಹಸಿ ಉಳಿಯುತ್ತದೆ. ಬಿಸ್ಕೆಟ್ ಡಬ್ಬದಲ್ಲಿ ಕೂಡಿಟ್ಟ ಬೀಟೆಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ಅತ್ತೆ ಸ್ವಲ್ಪ ಸ್ವಲ್ಪವೇ ಒತ್ತುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಊದುತ್ತಿದ್ದೆ. ಊದಿದರೆ ಬೇಗ ಒಣಗುತ್ತದೆಂದು ನನ್ನ ನಂಬಿಕೆ. ಪುಡಿ ಮುಗಿದಾಗ ಕಪಾಟಿನಲ್ಲಿದ್ದ ಅಂಥದ್ದೇ ಇನ್ನೊಂದು ಬಿಸ್ಕೆಟ್ ಡಬ್ಬ ಇಳಿಸಿಕೊಂಡಳು. ಅಂದು ಅಜ್ಜಿ ಕಾಫಿ ಹುರಿದು ಪುಡಿ ಮಾಡಿದ್ದರು, ಮನೆಯೆಲ್ಲ ಅದೇ ಘಮ. ಯಾರಿಗೆ ಏನು ಗೊತ್ತಾಗಬೇಕು!

ಭಾನುವಾರ ಅಜ್ಜ ಬೆರಳ ಗೆಣ್ಣಿನಿಂದ ಬಡಿಯುತ್ತ ಮೇಜು ಸುತ್ತಿದರು. ಅತ್ತೆ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ಟಕ್, ಟಕ್, ಎಲ್ಲ ಕಡೆ ಗಟ್ಟಿ. ಅಷ್ಟರಲ್ಲಿ ಅಡುಗೆಮನೆಯಿಂದ ಅಜ್ಜಿಯ ಕೂಗು: "ನಿನ್ನೆ ತುಂಬಿಸಿಟ್ಟ ಕಾಫಿಪುಡಿ ಡಬ್ಬ ಖಾಲಿ! ಯಾರು ಮುಕ್ಕಿದ್ರಿ ಮಾರಾಯ್ರೆ?" ಅಜ್ಜ ಬಡಿಯುವುದನ್ನು ನಿಲ್ಲಿಸಿದರು. ಬಗ್ಗಿ ಮೇಜನ್ನು ಮೂಸಿದರು. ಅತ್ತೆಯ ಮುಖ ಸುಣ್ಣವಾಯಿತು. ಅಜ್ಜ ತಲೆ ಎತ್ತಿದ್ದೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಕೈ ಸರಿಯಿದೆ ಮಾರಾಯ್ತಿ, ಮೂಗೇ ಸ್ವಲ್ಪ ಮಂದ. ನಾಳೆ ಬೇಗ ಬಾ ಅಂಗಡಿಗೆ." ಅತ್ತೆ ನನ್ನನ್ನೆತ್ತಿ ಗಿರಗಿರನೆ ತಿರುಗಿಸಿದ ಆ ಖುಷಿ ನೆನೆದರೆ ಈಗಲೂ ತಲೆ ಸುತ್ತುತ್ತದೆ.

ಅಜ್ಜನ ನಂತರ ಅಂಗಡಿ ನಡೆಸಿದವಳು ಅವಳೇ. ಕಳೆದ ವರ್ಷ ಅವಳೂ ಹೋದಳು. ಅಂಗಡಿ, ಮನೆ ಎರಡೂ ಕೆಡವಿದ ಜಾಗದಲ್ಲೀಗ ಲಾಡ್ಜ್ ಏಳುತ್ತಿದೆ. ಮೇಜು ಮಾತ್ರ ನನ್ನ ಪಾಲಿಗೆ ಬಂತು. ಹಳೆಯದನ್ನೆಲ್ಲ ಕೆತ್ತಿ ತೆಗೆದು ಹೊಸದಾಗಿ ತುಂಬೋಣವೆಂದುಕೊಂಡಿದ್ದೆ. ಬಡಿದು ನೋಡಿದೆ. ಅತ್ತೆ ತುಂಬಿದ್ದು ಒಂದೂ ಕುಸಿದಿರಲಿಲ್ಲ, ಮುಟ್ಟಲು ಮನಸ್ಸಾಗಲಿಲ್ಲ. ಅಂಚಿನಲ್ಲಿ ಹೊಸದಾಗಿ ಹುಳು ಕೊರೆದಿದ್ದ ತೂತುಗಳಿಗೆ ಮಾತ್ರ, ಬೇಕೆಂದೇ ಅಡುಗೆಮನೆಯ ಡಬ್ಬ ತಂದು, ಕಾಫಿಪುಡಿಯನ್ನು ಅಂಟಿನಲ್ಲಿ ಕಲಸಿ ಸ್ವಲ್ಪ ಸ್ವಲ್ಪವೇ ಒತ್ತಿದೆ. ಊದಿದೆ ಕೂಡ. ಒಣಗಿದ ಮೇಲೆ ಬಡಿದರೆ ಎಲ್ಲ ಕಡೆ ಗಟ್ಟಿ. ಖುಷಿ ತಡೆಯದೆ "ಅತ್ತೇ" ಎಂದು ಕೂಗಿಯೇಬಿಟ್ಟೆ. ಬಗ್ಗಿ ಮೂಸಿ ನಗಲು ಯಾರೂ ಇರಲಿಲ್ಲ. ನಾನೇ ಬಗ್ಗಿದೆ.