ದಿನಕ್ಕೆ ಇಪ್ಪತ್ತೆರಡು ಗಂಟೆಯ ಅಚ್ಚು

ನನ್ನ ಬಾಯೊಳಗೆ ಒಂದು ಹೊಸ ಬೈಕು ಇದೆ. ಎಲ್ಲರ ಹತ್ತಿರ ಹೇಳಿಕೊಳ್ಳುವ ಮಾತಲ್ಲ, ನಿಮ್ಮ ಹತ್ತಿರ ಹೇಳಬಹುದು ಅನ್ನಿಸಿತು. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಓಡುವ ಖಾಸಗಿ ಬಸ್ಸಿನಲ್ಲಿ ನಾನು ಕಂಡಕ್ಟರು. ವಯಸ್ಸು ನಲವತ್ತಾರು. ಬೆಳಗಿನ ಮೊದಲ ಟ್ರಿಪ್ಪಿಗೆ ಮನೆಯಿಂದ ಸ್ಟ್ಯಾಂಡಿಗೆ ನಡೆಯುವುದು ತಪ್ಪಲಿ ಎಂದು ಬೈಕಿಗಾಗಿ ಕೂಡಿಟ್ಟಿದ್ದ ದುಡ್ಡನ್ನು ಹಲ್ಲಿನ ಡಾಕ್ಟರಿಗೆ ಕೊಟ್ಟುಬಿಟ್ಟೆ. ಈಗಲೂ ನಡೆದೇ ಹೋಗುತ್ತೇನೆ. ನಡೆಯುವಾಗ ನಾಲಿಗೆಯಿಂದ ಹಲ್ಲಿನ ಸಾಲನ್ನು ಸವರಿಕೊಂಡು, ಇವತ್ತಿಗೆ ಹ್ಯಾಂಡಲ್ಲು, ಸೀಟಿನಷ್ಟಾದರೂ ನೆಟ್ಟಗಾಗಿರಬಹುದೇ ಎಂದು ಯೋಚಿಸುತ್ತೇನೆ.

ಡಾಕ್ಟರು ಅದನ್ನು ಅಲೈನರ್ ಅನ್ನುತ್ತಾರೆ. ನನ್ನ ಹೆಂಡತಿ ರತ್ನಮ್ಮ ಅಚ್ಚು ಅನ್ನುತ್ತಾಳೆ, ನನಗೂ ಅದೇ ಸರಿ. ಗಾಜಿನಂತೆ ತಿಳಿಯಾದ ತೆಳ್ಳನೆ ಪ್ಲಾಸ್ಟಿಕ್ಕು, ಹಲ್ಲಿನ ಸಾಲಿಗೆ ಟೊಪ್ಪಿಗೆಯಂತೆ ಕೂರುತ್ತದೆ. ಹದಿನೈದು ದಿನಕ್ಕೊಂದು ಹೊಸದು. ಪ್ರತಿಯೊಂದೂ ಹಿಂದಿನದಕ್ಕಿಂತ ಕೂದಲೆಳೆಯಷ್ಟು ನೆಟ್ಟಗೆ. ದಿನಕ್ಕೆ ಇಪ್ಪತ್ತೆರಡು ಗಂಟೆ ಬಾಯಲ್ಲೇ ಇರಬೇಕು. ಉಣ್ಣುವುದಕ್ಕೆ, ಟೀ ಕುಡಿಯುವುದಕ್ಕೆ, ಹಲ್ಲುಜ್ಜುವುದಕ್ಕೆ ಎಲ್ಲ ಸೇರಿ ಎರಡೇ ಗಂಟೆ ರಜ. ಇಪ್ಪತ್ತೆರಡು ಗಂಟೆ ಬಿಡದೆ ನಾನು ಯಾವ ಕೆಲಸವನ್ನೂ ಮಾಡಿದವನಲ್ಲ. ಉಸಿರಾಟ ಒಂದನ್ನು ಬಿಟ್ಟು.

ಹಲ್ಲು ಅಂದರೆ ದಾಳಿಂಬೆ ಬೀಜದ ಹಾಗಿರಬೇಕು ಎಂದು ಹೊಗಳುವವರೆಲ್ಲ ಹೇಳುತ್ತಾರೆ. ಅವರು ದಾಳಿಂಬೆ ಒಡೆದು ನೋಡಿದ್ದಾರೋ ಇಲ್ಲವೋ ತಿಳಿಯದು. ಒಳಗೆ ಬೀಜಗಳು ಒಂದರ ಹೆಗಲಮೇಲೊಂದು ಏರಿ, ಸಿಕ್ಕ ಸಂದಿಯಲ್ಲಿ ತೂರಿಕೊಂಡು ಕೂತಿರುತ್ತವೆ. ಆ ಲೆಕ್ಕದಲ್ಲಿ ನನ್ನದೇ ಅಸಲಿ ದಾಳಿಂಬೆ.

ನನ್ನಪ್ಪ ದನದ ವ್ಯಾಪಾರಿ. ಸಂತೆಯಲ್ಲಿ ಹೋರಿಯ ತುಟಿ ಎತ್ತಿ, ಎರಡು ಹಲ್ಲು, ನಾಲ್ಕು ಹಲ್ಲು, ಎಲ್ಲ ಹಲ್ಲೂ ಬಂದು ಬಾಯಿಗೂಡಿದೆ ಎಂದು ಅದರ ವಯಸ್ಸು ಹೇಳುತ್ತಿದ್ದ. ನಾನು ಹತ್ತು ವರ್ಷ ತುಂಬುವವರೆಗೂ ಆ ದನಗಳ ಹಿಂದೆಯೇ ಇದ್ದು, ಆಮೇಲೆ ಒಂದನೇ ಕ್ಲಾಸಿಗೆ ಸೇರಿದೆ. ಉಳಿದ ಮಕ್ಕಳಿಗೆ ಆಗ ಹಾಲುಹಲ್ಲು ಬೀಳುತ್ತಿದ್ದವು. ನನಗೆ ಮುಂದಿನ ಗಟ್ಟಿಹಲ್ಲೆಲ್ಲ ಬಂದಾಗಿತ್ತು, ಇಬ್ಬರ ಸೀಟಿನಲ್ಲಿ ನಾಲ್ವರು ಕೂತಂತೆ ಬಂದಿತ್ತು. ಮೇಷ್ಟ್ರು ನನ್ನ ವಯಸ್ಸು ಕೇಳಿದಾಗ ಹಿಂದಿನ ಸಾಲಿನಿಂದ ಯಾರೋ, “ತುಟಿ ಎತ್ತಿ ನೋಡಿ ಸಾ, ಗೊತ್ತಾಯ್ತದೆ” ಅಂದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಅವತ್ತು ಮುಚ್ಚಿದ ಬಾಯಿ. ಆಮೇಲೆ ನಗು ಬಂದಾಗಲೆಲ್ಲ ಅಂಗೈ, ಪುಸ್ತಕ, ಟವಲ್ಲು, ಟಿಕೆಟ್ಟಿನ ಮಿಷನ್ನು, ಯಾವುದು ಸಿಕ್ಕಿದರೆ ಅದನ್ನು ಅಡ್ಡ ಹಿಡಿದುಕೊಂಡು ಬದುಕಿದೆ.

ಹೋದ ವರ್ಷ ಒಂದು ದಿನ ರತ್ನಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದವಳು, “ಮದ್ವಾಗಿ ಇಪ್ಪತ್ತು ವರ್ಸ ಆಯ್ತು ಕಣಿ. ನಿಮ್ ನಗು ಎಂಗದೆ ಅಂತ ನಂಗೊತ್ತಿಲ್ಲ. ಟವಲ್ ಗೊತ್ತು” ಅಂದಳು. ದೂರಿದ ಹಾಗೂ ಇರಲಿಲ್ಲ. ಅಂದು ಮತ್ತೆ ಸೊಪ್ಪಿನ ಕಡೆ ತಿರುಗಿದಳು. ನನಗೆ ಮಾತ್ರ, ಯಾರಿಗೋ ಇಪ್ಪತ್ತು ವರ್ಷದಿಂದ ಚಿಲ್ಲರೆ ವಾಪಸ್ಸು ಕೊಡದೆ ಇಟ್ಟುಕೊಂಡ ಹಾಗಾಯಿತು.

ಚಾಮರಾಜನಗರದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ಬಾಯಿಯ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ತೋರಿಸಿದರು. ಒಂದು ಗುಂಡಿ ಒತ್ತಿದ ಕೂಡಲೇ ಹಲ್ಲುಗಳು ಚಲಿಸಲು ತೊಡಗಿದವು. ಸದ್ದಿಲ್ಲ, ಅವಸರವಿಲ್ಲ. ಮುಂಜಾನೆ ಗೋಪಾಲಸ್ವಾಮಿ ಬೆಟ್ಟದ ಮೇಲೆ ಮಂಜು ಸರಿಯುವ ಹಾಗೆ ಒಂದು ಸರಿಯಿತು, ಇನ್ನೊಂದು ಅದಕ್ಕೆ ದಾರಿ ಬಿಟ್ಟಿತು, ಮೂಲೆಯಲ್ಲಿ ಅಡ್ಡ ನಿಂತಿದ್ದದ್ದು ಮೆಲ್ಲನೆ ಮುಖ ತಿರುಗಿಸಿತು. ಒಂದೂವರೆ ವರ್ಷ ಹಿಡಿಯುವ ಕೆಲಸ ಅರ್ಧ ನಿಮಿಷದಲ್ಲಿ ಮುಗಿದುಹೋಯಿತು. “ಇನ್ನೊಂದ್ ಸಲ ಹಾಕಿ ಮೇಡಂ” ಅಂದೆ. ಮೂರು ಸಲ ನೋಡಿದೆ.

“ಕ್ಲಿಪ್ ಹಾಕಿಸಿದ್ರೆ ಇದರ ಅರ್ಧ ದುಡ್ಡಿಗೆ ಆಗುತ್ತೆ ಅಂಕಲ್. ಆದ್ರೆ ತಂತಿ ಎಲ್ಲರಿಗೂ ಕಾಣುತ್ತೆ” ಅಂದರು ಡಾಕ್ಟರು.

ನಾನು ಅಚ್ಚೇ ಇರಲಿ ಅಂದೆ. ಅಂದರೆ ಅರ್ಧ ದುಡ್ಡು ಹಲ್ಲಿಗೆ, ಇನ್ನರ್ಧ ದುಡ್ಡು ಯಾರಿಗೂ ಕಾಣದಿರುವುದಕ್ಕೆ. ನಮ್ಮ ಕಡೆ ಈ ವಯಸ್ಸಿನ ಗಂಡಸು ಹಲ್ಲು ಕೀಳಿಸಬಹುದು, ಕಟ್ಟಿಸಬಹುದು. ಚೆಂದ ಮಾಡಿಸಿಕೊಂಡ ಅಂದರೆ ಬಸ್ಸು ತುಂಬ ಅದೇ ಮಾತಾಗುತ್ತದೆ. ಮತ್ತೆ ಒಂದನೇ ಕ್ಲಾಸಿಗೆ ಸೇರುವ ಧೈರ್ಯ ನನಗಿರಲಿಲ್ಲ.

ಹೀಗೆ ಗುಟ್ಟಿನ ಇಪ್ಪತ್ತೆರಡು ಗಂಟೆ ಶುರುವಾಯಿತು. ಹೊಸ ಅಚ್ಚು ಹಾಕಿದ ಮೊದಲೆರಡು ದಿನ ಹಲ್ಲಿನ ಬುಡದಲ್ಲಿ ಯಾರೋ ದೂರದಿಂದ ತಳ್ಳಿದಂಥ ಒಂದು ನೋವು. ಮಧ್ಯಾಹ್ನದ ಟ್ರಿಪ್ಪಿನಲ್ಲಿ ಜನ ಕಡಿಮೆ. ಹಿಂದಿನ ಸೀಟಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿರುತ್ತೇನೆ. ಅರಿಸಿನದ ಹೊಲ ಹೋಗುತ್ತದೆ, ಸೂರ್ಯಕಾಂತಿ ಬರುತ್ತದೆ, ಅರೆನಿದ್ದೆ ಹತ್ತುತ್ತದೆ. ಇಷ್ಟು ವರ್ಷ ಇದೇ ರಸ್ತೆಯಲ್ಲಿ ಹೋಗಿ ಬಂದು, ಹೋಗಿ ಬಂದು, ನಾನು ಎಲ್ಲಿಗೂ ತಲುಪಿದವನಲ್ಲ. ನನ್ನ ಬಾಯೊಳಗೆ ಮಾತ್ರ ಒಂದಷ್ಟು ಮಂದಿ ನಿಜವಾಗಿ ಪ್ರಯಾಣ ಮಾಡುತ್ತಿದ್ದಾರೆ, ಟಿಕೆಟ್ಟು ಕೊಟ್ಟವನಿಗೂ ಕಾಣದಷ್ಟು ನಿಧಾನವಾಗಿ. ಆ ಯೋಚನೆ ಬಂದಾಗ ನೋವು ಹಿತವಾಗುತ್ತಿತ್ತು.

ಕಷ್ಟವೆಲ್ಲ ಟೀಯದು. ನಮ್ಮಲ್ಲಿ ಟೀ ಬೇಡ ಅಂದವನಿಗೆ ಕಾಯಿಲೆ ಇರಬೇಕು, ಇಲ್ಲವೇ ಜಗಳ ಇರಬೇಕು. ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ಡ್ರೈವರ್ ಮಲ್ಲಣ್ಣ ದಿನವೂ ಎರಡು ಲೋಟ ಹೇಳುತ್ತಿದ್ದ. ನಾನು ಮೂತ್ರಕ್ಕೆ ಹೋಗುವ ನೆವದಲ್ಲಿ ಗೋಡೆ ಮರೆಗೆ ಹೋಗಿ ಅಚ್ಚು ತೆಗೆದು ಡಬ್ಬಿಗೆ ಹಾಕಿ ಬರುತ್ತಿದ್ದೆ. ಕುಡಿದ ಮೇಲೆ ಮತ್ತೆ ಗೋಡೆ ಮರೆ. ಕೊನೆಗೆ ಮಲ್ಲಣ್ಣ, “ಸಕ್ಕರೆ ಕಾಯ್ಲೆ ಏನ್ಲಾ ನಿಂಗೆ?” ಎಂದು ಕೇಳಿದ. ಹೂಂ ಅಂದುಬಿಟ್ಟೆ. ಅವತ್ತಿನಿಂದ ಸಕ್ಕರೆ ಇಲ್ಲದ ಟೀ ಕುಡಿಯುವ ಗತಿ ಬಂತು.

ಆಮೇಲೆ ಅದೇ ಮಲ್ಲಣ್ಣನ ಮನೆ ಗೃಹಪ್ರವೇಶ ಬಂತು. ತೆರಕಣಾಂಬಿಯಲ್ಲೇ. ನಾನೂ ರತ್ನಮ್ಮನೂ ಊಟಕ್ಕೆ ಕೂತೆವು. ಡಬ್ಬಿ ಬ್ಯಾಗಿನಲ್ಲಿ, ಬ್ಯಾಗು ಬಸ್ಸಿನಲ್ಲಿ. ಮುಖ ಒರೆಸಿಕೊಳ್ಳುವವನ ಹಾಗೆ ಟವಲ್ಲಿನ ಮರೆಯಲ್ಲಿ ಅಚ್ಚು ತೆಗೆದು ಬಾಳೆಎಲೆಯ ಅಂಚಿನ ಕೆಳಗೆ ಸಿಕ್ಕಿಸಿದೆ. ಕಾಯಿಹೋಳಿಗೆ ಬಂತು, ತುಪ್ಪ ಬಂತು, ಪಾಯಸ ಎರಡು ಸಲ ಬಂತು. ಎಲೆ ಮಡಿಸಿ ಎದ್ದು ಕೈ ತೊಳೆದುಕೊಂಡೆ. ಅಚ್ಚು ನೆನಪಾಗಿ ತಿರುಗಿ ನೋಡಿದರೆ ಬಡಿಸುವವರು ಮೇಜಿಗೆ ಹಾಸಿದ್ದ ಪೇಪರನ್ನು ಆ ತುದಿಯಿಂದ ಈ ತುದಿಗೆ, ಎಲೆ, ಲೋಟ, ಎಂಜಲು ಸಮೇತ ಚಾಪೆಯಂತೆ ಸುತ್ತಿಕೊಂಡು ಹಿತ್ತಲಿಗೆ ಹೋಗಿ ಆಗಿತ್ತು.

ಹಿತ್ತಲಲ್ಲಿ ಎಲೆಯ ಗುಡ್ಡೆ. ತೋಳು ಮಡಿಸಿ ಕೈ ಹಾಕಿದೆ. ಎರಡು ಎಲೆ ಎತ್ತುವಷ್ಟರಲ್ಲಿ ಮಲ್ಲಣ್ಣ ಬಂದ.

“ಯಾಕ್ಲಾ ಮಾದೇಶ, ಒಟ್ಟೆ ತುಂಬ್ನಿಲ್ವ?”

“ಒಂದ್ ಸಾಮಾನು ಬಿದ್ದೋಗದೆ ಕಣ್ಲಾ.”

“ಏನು, ಉಂಗುರ್ವ?”

ಉಂಗುರ ಅನ್ನಬಹುದಿತ್ತು. ಎಲ್ಲರೂ ಸೇರಿ ಉಂಗುರ ಹುಡುಕುತ್ತಿದ್ದರು, ಉಂಗುರ ಸಿಗುತ್ತಿರಲಿಲ್ಲ. ಆದರೆ ನಾನು ಕಳೆದುಕೊಂಡದ್ದು ಕಣ್ಣಿಗೆ ಕಾಣದ ವಸ್ತು. ಇಂಥದ್ದು ಎಂದು ಹೇಳದಿದ್ದರೆ ಅದು ಕೈಗೆ ಸಿಕ್ಕರೂ ಎಸೆದುಬಿಡುತ್ತಾರೆ. ಹೆಚ್ಚು ಹೊತ್ತು ಯೋಚಿಸಲಿಲ್ಲ.

“ಹಲ್ಲಿನ ಅಚ್ಚು. ನಂದೇಯ. ಸೊಟ್ಟ ಹಲ್ಲ ನೆಟ್ಟಗ್ ಮಾಡದು.”

ಮಲ್ಲಣ್ಣ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದ. “ಇನ್ನೊಂದ್ ಮದ್ವೆ ಆಯ್ತಿದ್ದೀಯೇನ್ಲಾ?”

ಹಿಂದೆ ಬಂದು ನಿಂತಿದ್ದ ರತ್ನಮ್ಮ, “ಆಗ್ಲಿ ಬುಡಣ್ಣ. ಮೊದ್ಲು ಅಚ್ಚು ಸಿಕ್ಲಿ” ಅಂದಳು.

ಅಲ್ಲಿಂದ ಗುಟ್ಟು ಎಂಬುದು ಉಳಿಯಲಿಲ್ಲ. ಬಡಿಸುವವರು, ನೆಂಟರು, ಪಾತ್ರೆ ತೊಳೆಯುವವರು ಎಲ್ಲ ಸೇರಿ ಹುಡುಕತೊಡಗಿದರು. ಮಲ್ಲಣ್ಣನ ತಾಯಿ ಪುಟ್ಟಮ್ಮಜ್ಜಿ ಹಿತ್ತಲ ಬಾಗಿಲಲ್ಲಿ ಕೂತಿದ್ದವರು ವಿಷಯ ಕೇಳಿ, ತಮ್ಮ ಕಟ್ಟಿಸಿದ ಹಲ್ಲಿನ ಸೆಟ್ಟನ್ನೇ ಬಾಯಿಂದ ತೆಗೆದು ಅಂಗೈಯಲ್ಲಿ ಹಿಡಿದರು.

“ಇಂತದಾ ಮಗ?”

“ಅಲ್ಲ ಕಣಜ್ಜಿ. ಅದು ಬರೀ ಟೊಪ್ಪಿಗೆ ಇದ್ದಂಗೆ. ಅದ್ರಲ್ಲಿ ಹಲ್ಲಿರಕಿಲ್ಲ.”

ಅಜ್ಜಿ ಅಂಗೈಯಲ್ಲಿದ್ದ ಸೆಟ್ಟನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು. “ಹಲ್ಲೇ ಇಲ್ದ ಸೆಟ್ಟು ಕೊಟ್ಬುಟ್ಟು ದುಡ್ ಈಸ್ಕಂಡ್ರಾ? ನಂಗೆ ಹಲ್ಲೂ ಸೇರ್ಸಿ ಕೊಟ್ರಲ್ಲಪ್ಪ.”

ಹಿತ್ತಲು ಪೂರ್ತಿ ನಕ್ಕಿತು. ನನಗೂ ನಗು ಬಂತು. ಎರಡು ಕೈಯೂ ಮೊಣಕೈವರೆಗೆ ಪಾಯಸ, ಸಾರು. ಬಾಯಿಗೆ ಅಡ್ಡ ಹಿಡಿಯಲು ಏನೂ ಇರಲಿಲ್ಲ. ನಗು ತಾನಾಗಿ ನಿಲ್ಲುವವರೆಗೂ ಬಾಯಿ ತೆರೆದುಕೊಂಡೇ ನಕ್ಕೆ. ಇನ್ನೂ ಅರ್ಧ ಸೊಟ್ಟಗಿರುವ ಹಲ್ಲುಗಳನ್ನೇ ತೋರಿಸಿಕೊಂಡು. ಯಾರೂ ನನ್ನ ಹಲ್ಲು ನೋಡುತ್ತಿರಲಿಲ್ಲ, ಎಲ್ಲರೂ ಅಜ್ಜಿಯನ್ನು ನೋಡುತ್ತಿದ್ದರು. ರತ್ನಮ್ಮ ಒಬ್ಬಳು ನನ್ನ ಕಡೆ ನೋಡುತ್ತಿದ್ದಳು. ಸಾಯಂಕಾಲ ಬಸ್ಸಿಳಿದು ಮನೆಗೆ ನಡೆದು ಬರುವಾಗ, “ಕಂಡೆ ಬುಡಿ” ಅಂದಳು, ಅಷ್ಟೇ.

ಅಚ್ಚು ಕೊನೆಗೆ ಒಂದು ಹೋಳಿಗೆ ಚೂರನ್ನು ತಾನೇ ಕಚ್ಚಿಕೊಂಡಿದ್ದ ಸ್ಥಿತಿಯಲ್ಲಿ ಸಿಕ್ಕಿತು. ನಡುವೆ ಬಿರುಕು ಬಿಟ್ಟಿತ್ತು. ಡಾಕ್ಟರು ಮುಂದಿನದನ್ನೇ ಹಾಕಲು ಹೇಳಿದರು, ಸ್ವಲ್ಪ ಹೆಚ್ಚು ನೋಯುತ್ತದೆ ಅಂದರು. ಹಲ್ಲೆಲ್ಲ ನೆಟ್ಟಗಾದ ಮೇಲೂ ರಾತ್ರಿ ಮಲಗುವಾಗ ಒಂದು ಅಚ್ಚು ವರ್ಷಗಟ್ಟಲೆ ಹಾಕಿಕೊಳ್ಳಬೇಕಂತೆ. ಬಿಟ್ಟರೆ ಹಲ್ಲುಗಳು ಒಂದೊಂದಾಗಿ ಹಳೆಯ ಜಾಗ ಹುಡುಕಿಕೊಂಡು ಹೊರಡುತ್ತವೆ. ಕೈಯೂ ಹಾಗೆಯೇ. ನಗು ಬಂದರೆ ಈಗಲೂ ಅರ್ಧ ದಾರಿ ಮೇಲೇಳುತ್ತದೆ. ಕೈಗೆ ಅಚ್ಚು ಮಾಡುವ ಡಾಕ್ಟರಿಲ್ಲ. ನಾನೇ ಅದನ್ನು ಕೆಳಗಿಳಿಸಬೇಕು, ದಿನವೂ.

ಕಾಣದಿರಲಿ ಎಂದು ಕೊಟ್ಟ ಆ ಅರ್ಧ ದುಡ್ಡು ದಂಡವಾಯಿತು. ಆದರೆ ಗೋಡೆ ಮರೆಗೆ ಹೋಗುವುದು ತಪ್ಪಿತು, ಟೀಗೆ ಸಕ್ಕರೆಯೂ ಬಂತು. ಹಿಂದೆ ಇಪ್ಪತ್ತೆರಡು ಗಂಟೆಯನ್ನು ನಾನೊಬ್ಬನೇ ಕಾಯಬೇಕಿತ್ತು, ಈಗ ಇಡೀ ಬಸ್ಸು ಕಾಯುತ್ತದೆ. ಹೂವಿನ ಬುಟ್ಟಿಯವಳು ಕೇಳುತ್ತಾಳೆ, ಕಾಲೇಜಿನ ಹುಡುಗಿಯರು ಕೇಳುತ್ತಾರೆ. ಮೊನ್ನೆ ತೆರಕಣಾಂಬಿಯಲ್ಲಿ ಟೀ ಮುಗಿಸಿ ಬಸ್ಸು ಹತ್ತಿದೆ. ಗುಂಡ್ಲುಪೇಟೆಗೆ ಹೊರಟಿದ್ದ ಪುಟ್ಟಮ್ಮಜ್ಜಿ ಮುಂದಿನ ಸೀಟಿನಲ್ಲಿದ್ದರು.

“ಹಾಕ್ಕಂಡ್ಯಾ ಮಗ?”

ಮರೆತಿದ್ದೆ. ಡಬ್ಬಿ ತೆಗೆದು, ಅಚ್ಚು ಹಾಕಿಕೊಂಡು, ಎಲ್ಲರ ಎದುರಿಗೇ ಬಾಯಿ ಅಗಲಿಸಿ ತೋರಿಸಿದೆ. ಅಜ್ಜಿ ಕಣ್ಣು ಕಿರಿದು ಮಾಡಿ ಈ ತುದಿಯಿಂದ ಆ ತುದಿವರೆಗೆ ಪರೀಕ್ಷೆ ಮಾಡಿದರು. ಆಮೇಲೆ ಡ್ರೈವರ್ ಸೀಟಿನಲ್ಲಿದ್ದ ಮಗನ ಕಡೆ ತಿರುಗಿ, “ರೈಟ್, ಓಗನ ನಡಿ” ಅಂದರು. ಬಸ್ಸು ಹೊರಟಿತು.